ಬರದ ಕಚೇರಿ, ನೆರೆಯ ಲೆಕ್ಕ

ವಿಪರೀತ ಮಳೆ, ಬಿರುಬಿಸಿಲು, ಬರಗಳಂಥ ಘಟನೆಗಳಲ್ಲಿ ಹವಾಗುಣ ಬದಲಾವಣೆಯ ಪಾಲೆಷ್ಟು ಎಂಬ ಪ್ರಶ್ನೆಯನ್ನು ಕರ್ನಾಟಕದ ವಿಜ್ಞಾನಿಗಳು ಕೈಗೆತ್ತಿಕೊಂಡದ್ದು ಈಚಿನ ಕೆಲವು ದಶಕಗಳಲ್ಲಿ. ಆದರೆ ಅದಕ್ಕೆ ಉತ್ತರ ಹುಡುಕಲು ಬೇಕಾದ ಸಾಮಗ್ರಿಯನ್ನು ಕೂಡಿಹಾಕುವ ಕೆಲಸ ಅದಕ್ಕೂ ನೂರು ವರ್ಷ ಮೊದಲೇ, ಬೇರೊಂದು ಉದ್ದೇಶಕ್ಕಾಗಿ, ಆರಂಭವಾಗಿತ್ತು. ಈ ಕೆಲಸದ ಮೂರು ಮುಖ್ಯ ನೆಲೆಗಳು ಉತ್ತರ ಬೆಂಗಳೂರಿನಲ್ಲಿ ಒಂದರ ಹಿಂದೊಂದು ಸಾಲುಗೂಡಿವೆ: ಯಶವಂತಪುರಕ್ಕೆ ಅಂಟಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳ ದಾಟಿದ ಮೇಲೆ ಸಿಗುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರ ಅಂದರೆ ಜಿಕೆವಿಕೆ, ಮತ್ತು ಯಲಹಂಕದ ಅಟ್ಟೂರು ಬಡಾವಣೆಯಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ವಿಜ್ಞಾನ ಸಂಸ್ಥೆಯ ಕುತೂಹಲ ಮಾನ್ಸೂನಿನ ಭೌತವಿಜ್ಞಾನದ್ದಾಗಿತ್ತು. ಉಳಿದೆರಡರ ಬೇರು ಮಾತ್ರ ಮಳೆ ಬಾರದೇ ಹೋದರೇನು ಗತಿ ಎಂಬ ಹಳೆಯ ಭಯದಲ್ಲಿತ್ತು. ಮಳೆ ಹೆಚ್ಚಾಗಿ ಸುರಿದುದರ ಲೆಕ್ಕವನ್ನೂ ಇವೇ ಕೊಡಬೇಕಾಗಿ ಬಂದುದು ಈ ಇತಿಹಾಸದ ವಿಶೇಷ.

ಆ ಭಯಕ್ಕೆ ಕಾರಣವಿತ್ತು. ಜನರ ಬಾಯಲ್ಲಿ ಧಾತು ಸಂವತ್ಸರದ ಬರವೆಂದೇ ಉಳಿದ 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಕ್ಷಾಮಕ್ಕೆ ಮುನ್ನಾ ವರ್ಷವಷ್ಟೇ, 1875ರಲ್ಲಿ, ಭಾರತೀಯ ಹವಾಮಾನ ಇಲಾಖೆ ಹುಟ್ಟಿತ್ತು. ಕ್ಷಾಮದ ಬಳಿಕ ಮಳೆಯ ದಿನವಹಿ ಲೆಕ್ಕವಿಡುವುದು ಕಂದಾಯದ ಲೆಕ್ಕದಷ್ಟೇ ಗಂಭೀರವಾದ ಆಡಳಿತದ ಕೆಲಸವಾಯಿತು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸಕ್ಕೆ ಶಿಸ್ತು ತಂದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಜಾನ್ ಕುಕ್. 1890ರ ದಶಕದಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಬೆಂಗಳೂರು, ಮೈಸೂರು, ಹಾಸನ ಮತ್ತು ಚಿತ್ರದುರ್ಗದ ವೀಕ್ಷಣಾಲಯಗಳ ಓದುಗಳೂ ಸಂಸ್ಥಾನದ ಮಳೆಯ ದಾಖಲೆಗಳೂ ವಾರ್ಷಿಕ ವರದಿಗಳಾಗಿ ಅಚ್ಚಾಗತೊಡಗಿದವು.

ಆ ದಾಖಲೆಯ ಮೂಲ ಸಲಕರಣೆ ಬಹಳ ಸರಳವಾದದ್ದು. ಸೈಮನ್ಸ್ ಮಳೆಮಾಪಕವೆಂದು ಕರೆಯುವ ಅದು ಐದು ಅಂಗುಲ ಅಗಲದ ಬಾಯಿಯುಳ್ಳ ಲೋಹದ ಆಲಿಕೆ. ಅದರ ಕೆಳಗೊಂದು ಸೀಸೆ, ಪಕ್ಕದಲ್ಲಿ ಗೆರೆ ಕೊರೆದ ಗಾಜಿನ ಅಳತೆಪಾತ್ರೆ. ಮರದ ನೆರಳಾಗಲಿ ಗೋಡೆಯ ಮರೆಯಾಗಲಿ ಇಲ್ಲದ ಬಯಲಿನಲ್ಲಿ ಅದನ್ನು ನೆಟ್ಟು, ಪ್ರತಿದಿನ ಬೆಳಗ್ಗೆ ಗೊತ್ತಾದ ಹೊತ್ತಿಗೆ (ಈಗ ದೇಶದಾದ್ಯಂತ 8.30ಕ್ಕೆ) ಸೀಸೆಯ ನೀರನ್ನು ಪಾತ್ರೆಗೆ ಸುರಿದು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಓದಿ, ಪುಸ್ತಕದಲ್ಲಿ ಬರೆಯಬೇಕು. ಮಳೆಯಿಲ್ಲದ ದಿನವೂ ಸೊನ್ನೆ ಬರೆಯಲೇಬೇಕು. ಬರೆಯದೆ ಬಿಟ್ಟ ದಿನಕ್ಕೂ ಸೊನ್ನೆ ಬಿದ್ದ ದಿನಕ್ಕೂ ಮುಂದೆ ಓದುವವನಿಗೆ ಅಜಗಜಾಂತರ. ಗುಮಾಸ್ತರು ಬೇಸರದಿಂದಲೋ ನಿಷ್ಠೆಯಿಂದಲೋ ಬರೆದಿಟ್ಟ ಈ ಸೊನ್ನೆಗಳ ಮೇಲೆಯೇ ಇಂದಿನ ಹವಾಗುಣ ಸಂಶೋಧನೆಯ ಅಂಕಿಅಂಶಗಳೆಲ್ಲ ನಿಂತಿವೆ ಎಂದರೆ ಉತ್ಪ್ರೇಕ್ಷೆಯಾಗದು.

ಇಂಥ ಹಳೆಯ ಓದಿನ ಬೆಲೆ ಏನೆಂಬುದು 2024ರ ಜೂನ್ 2ರಂದು ಎಲ್ಲರ ಕಣ್ಣಿಗೂ ಬಿತ್ತು. ಆ ದಿನ ಬೆಂಗಳೂರು ನಗರದಲ್ಲಿ ದಾಖಲಾದ 111.1 ಮಿ.ಮೀ. ಮಳೆ, ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ 133 ವರ್ಷಗಳಿಂದ ಉಳಿದುಬಂದಿದ್ದ ದಾಖಲೆಯನ್ನು ಮುರಿಯಿತು. ಆ ಹಿಂದಿನ ದಾಖಲೆ 1891ರ ಜೂನ್ 16ರ 101.6 ಮಿ.ಮೀ., ಅಂದರೆ ಅಂದಿನ ಅಳತೆಯಲ್ಲಿ ಸರಿಯಾಗಿ ನಾಲ್ಕು ಅಂಗುಲ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹವಾಗುಣ ಬದಲಾಗಿದೆ ಎಂದು ತೀರ್ಪು ಕೊಡುವ ಆತುರವನ್ನು ಪತ್ರಿಕೆಗಳು ತೋರಬಹುದು, ಸಂಶೋಧಕರು ತೋರಲಾರರು. 1891ರಲ್ಲಿಯೂ ಒಂದೇ ದಿನ ನಾಲ್ಕು ಅಂಗುಲ ಸುರಿದಿತ್ತು ಎಂಬುದು ಒಂದು ಸಂಗತಿ. ಈ ನಡುವೆ ಮಾಪಕದ ಸುತ್ತ ಊರೇ ಬೆಳೆದು ನಿಂತಿದೆ, ಕಾಂಕ್ರೀಟಿನ ಕಾವು ಗುಡುಗುಮಳೆಯ ಮೋಡಗಳ ಮೇಲೂ ಪರಿಣಾಮ ಬೀರಬಲ್ಲದು ಎಂಬುದು ಇನ್ನೊಂದು. ಒಂದು ಜಾಗದ ಒಂದು ದಿನದ ಅಂಕಿ ಎಷ್ಟೇ ದೊಡ್ಡದಿರಲಿ, ಅದು ಪುರಾವೆಯ ಒಂದು ತುಣುಕು ಮಾತ್ರ.

ಹೆಬ್ಬಾಳದ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗುತ್ತದೆ. 1899ರಲ್ಲಿ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆ ಜಮೀನಿನಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. ಅದೇ ವರ್ಷ ನೇಮಕಗೊಂಡ ರಸಾಯನ ವಿಜ್ಞಾನಿ ಲೇಮನ್, ಅನಂತರ ಬಂದ ಲೆಸ್ಲಿ ಕೋಲ್ಮನ್ ಇವರ ಕಾಲದಲ್ಲಿ ಮಣ್ಣು, ಗೊಬ್ಬರ, ರಾಗಿಯ ತಳಿಗಳ ಪರೀಕ್ಷೆ ನಡೆಯಿತು. ಮುಂದೆ ಕೃಷಿ ಶಾಲೆ, 1946ರಲ್ಲಿ ಕೃಷಿ ಕಾಲೇಜು, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾಲಯ, ಬಳಿಕ ಯಲಹಂಕದ ಹಾದಿಯಲ್ಲಿ ಜಿಕೆವಿಕೆ ಆವರಣ ಹೀಗೆ ಬೆಳೆದ ಈ ಪರಂಪರೆ ಮಳೆಯನ್ನು ನೋಡಿದ್ದು ರೈತನ ಕಣ್ಣಿನಿಂದ. ವರ್ಷಕ್ಕೆ ಒಟ್ಟು ಎಷ್ಟು ಮಳೆ ಎಂಬುದಕ್ಕಿಂತ ಬಿತ್ತನೆಯ ಹೊತ್ತಿಗೆ ಹದಮಳೆ ಬಂತೇ, ತೆನೆ ಕಟ್ಟುವಾಗ ಮೂರು ವಾರ ಒಣಗಿತೇ ಎಂಬುದು ಅಲ್ಲಿ ಮುಖ್ಯವಾಯಿತು. ರೈತರು ಭರಣಿ, ರೋಹಿಣಿ, ಆರಿದ್ರಾ, ಹಸ್ತ, ಚಿತ್ತಾ ಎಂದು ಸುಮಾರು ಎರಡೆರಡು ವಾರಗಳ ಮಳೆ ನಕ್ಷತ್ರಗಳಲ್ಲಿ ಇಟ್ಟುಕೊಂಡಿದ್ದ ಲೆಕ್ಕವನ್ನು ಕೃಷಿ ಹವಾಮಾನ ವಿಜ್ಞಾನ ವಾರಗಳ ಸರಾಸರಿ ಮತ್ತು ಸಂಭವನೀಯತೆಯ ಭಾಷೆಯಲ್ಲಿ ಮತ್ತೆ ಬರೆಯಿತು. ಬೆಂಗಳೂರು ಸುತ್ತಿನ ಮಳೆಗೆ ಎರಡು ಶಿಖರಗಳಿವೆ, ಒಂದು ಮೇ ತಿಂಗಳಲ್ಲಿ, ಅದಕ್ಕಿಂತ ದೊಡ್ಡದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಮೊದಲ ಶಿಖರದಲ್ಲಿ ಅಲಸಂದೆಯಂಥ ಅಲ್ಪಾವಧಿ ಬೆಳೆ ತೆಗೆದು ಎರಡನೆಯದನ್ನು ರಾಗಿಗೆ ಮೀಸಲಿಡಬಹುದೆಂಬ ಒಣಬೇಸಾಯ ಯೋಜನೆಯ ಸಲಹೆ ಈ ಲೆಕ್ಕದಿಂದಲೇ ಹುಟ್ಟಿತು. 1970ರಲ್ಲಿ ಶುರುವಾದ ಅಖಿಲ ಭಾರತ ಒಣಬೇಸಾಯ ಸಂಶೋಧನಾ ಯೋಜನೆಯೂ 1983ರ ಕೃಷಿ ಹವಾಮಾನ ಯೋಜನೆಯೂ ಜಿಕೆವಿಕೆಯಲ್ಲಿ ತಮ್ಮ ಕೇಂದ್ರಗಳನ್ನು ಹೊಂದಿವೆ.

ವಿಜ್ಞಾನ ಸಂಸ್ಥೆಯೊಳಗೆ ಮಾನ್ಸೂನ್ ಅಧ್ಯಯನ ಬೇರೂರಿದ್ದು 1970ರ ದಶಕದಲ್ಲಿ. 1973ರಲ್ಲಿ ಅಲ್ಲಿಗೆ ಬಂದ ಸುಲೋಚನಾ ಗಾಡ್ಗೀಳ್, ಡಿ.ಆರ್. ಸಿಕ್ಕಾ ಅವರೊಡನೆ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಉಪಗ್ರಹ ಚಿತ್ರಗಳ ಮೋಡಗಳನ್ನು ದಿನದಿನವೂ ಗುರುತಿಸಿ, ಮಾನ್ಸೂನ್ ಬರೀ ನೆಲ ಮತ್ತು ಕಡಲಿನ ಕಾವಿನ ವ್ಯತ್ಯಾಸದಿಂದ ಬೀಸುವ ದೊಡ್ಡ ಕಡಲಗಾಳಿಯಲ್ಲ, ಸಮಭಾಜಕದ ಬಳಿಯ ಮೋಡಪಟ್ಟಿ ಋತುವಿನೊಡನೆ ಉತ್ತರಕ್ಕೆ ಸರಿದು ಬರುವ ಪರಿ ಎಂಬ ವಾದಕ್ಕೆ ಬಲವಾದ ಆಧಾರ ಒದಗಿಸಿದರು. 1982ರಲ್ಲಿ ರೊದ್ದಂ ನರಸಿಂಹ ಮೊದಲಾದವರ ಪ್ರಯತ್ನದಿಂದ ವಾಯುಮಂಡಲ ವಿಜ್ಞಾನಕ್ಕೆ ಪ್ರತ್ಯೇಕ ಕೇಂದ್ರವೇ ಸ್ಥಾಪನೆಯಾಯಿತು. ಅನಂತರ ಸಾಗರ ವಿಜ್ಞಾನವೂ ಅದಕ್ಕೆ ಸೇರಿತು. ಗಾಡ್ಗೀಳ್ ಅವರು ಪಾವಗಡದ ರೈತ ಮತ್ತು ಕೃಷಿ ವಿಜ್ಞಾನಿ ಪಿ.ಆರ್. ಶೇಷಗಿರಿ ರಾವ್ ಅವರ ಜೊತೆಗೂಡಿ ಮಳೆಯಾಶ್ರಿತ ಶೇಂಗಾ ಬೆಳೆಯ ಬಿತ್ತನೆ ಕಾಲದ ಬಗ್ಗೆ ನಡೆಸಿದ ಅಧ್ಯಯನ, ಮಾನ್ಸೂನಿನ ಸಿದ್ಧಾಂತವನ್ನು ಹೊಲದ ಬದುವಿಗೆ ತಂದು ನಿಲ್ಲಿಸಿದ ಅಪರೂಪದ ಕೆಲಸ. ಲೆಕ್ಕ ಹಾಕುವ ಯಂತ್ರಗಳ ಕೊರತೆಯೂ ಈ ಇತಿಹಾಸದ ಒಂದು ಭಾಗವೇ: 1980ರ ದಶಕದಲ್ಲಿ ವಿಜ್ಞಾನ ಸಂಸ್ಥೆಗೆಂದು ಭಾರತ ಕೇಳಿದ ಕ್ರೇ ಸೂಪರ್ ಕಂಪ್ಯೂಟರನ್ನು ಅಮೆರಿಕ ಕೊಡಲಿಲ್ಲ, ಅದಕ್ಕಿಂತ ಕಡಿಮೆ ಸಾಮರ್ಥ್ಯದ್ದೊಂದನ್ನು ಮಾನ್ಸೂನ್ ಮುನ್ಸೂಚನೆಗೆ ಮಾತ್ರ ಎಂಬ ಷರತ್ತಿನ ಮೇಲೆ ದೆಹಲಿಗೆ ಕಳಿಸಿತು.

ವಿಪರೀತ ಮಳೆಯ ಸಂಶೋಧನೆಯಲ್ಲಿ ಈ ಆವರಣದ ಹೆಸರು ಜಗತ್ತಿಗೆ ಪರಿಚಯವಾದದ್ದು 2006ರ ಡಿಸೆಂಬರಿನಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಬಿ.ಎನ್. ಗೋಸ್ವಾಮಿ, ವಿ. ವೇಣುಗೋಪಾಲ್, ಡಿ. ಸೆನ್‌ಗುಪ್ತ ಮತ್ತು ಅವರ ಇಬ್ಬರು ಸಹೋದ್ಯೋಗಿಗಳ ಪ್ರಬಂಧ ಅಚ್ಚಾದಾಗ. ಹಿಂದಿನ ವರ್ಷ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದು ನಗರ ಮುಳುಗಿದ ನೆನಪು ಎಲ್ಲರಲ್ಲೂ ಹಸಿಯಾಗಿತ್ತು. ಆದರೆ ಪ್ರಬಂಧದ ಶಕ್ತಿ ಅಂಥ ಒಂದು ಘಟನೆಯಲ್ಲಿರಲಿಲ್ಲ, ಎಣಿಕೆಯ ವಿಧಾನದಲ್ಲಿತ್ತು. ಹವಾಮಾನ ಇಲಾಖೆ ಸಾವಿರದ ಎಂಟುನೂರಕ್ಕೂ ಹೆಚ್ಚು ಮಾಪಕಗಳ ದಿನವಹಿ ಓದುಗಳಿಂದ ಸಿದ್ಧಪಡಿಸಿದ್ದ ಚೌಕಳಿ ದತ್ತಾಂಶವನ್ನು, ಅಂದರೆ ದೇಶವನ್ನು ಅಕ್ಷಾಂಶ ರೇಖಾಂಶಗಳ ಒಂದೊಂದು ಡಿಗ್ರಿಯ ಮನೆಗಳಾಗಿ ಹೆಣೆದು ಪ್ರತಿ ಮನೆಗೂ ದಿನದ ಮಳೆ ಲೆಕ್ಕ ಹಾಕಿದ ಕೋಷ್ಟಕವನ್ನು, ಅವರು 1951ರಿಂದ 2000ದವರೆಗೆ ತೆಗೆದುಕೊಂಡರು. ಪ್ರತಿ ಮಾನ್ಸೂನಿನಲ್ಲಿ ಮಧ್ಯ ಭಾರತದ ಮನೆಗಳಲ್ಲಿ ದಿನಕ್ಕೆ 100 ಮಿ.ಮೀ. ತಲಪಿದ ಭಾರಿ ಮಳೆ ಎಷ್ಟು ಸಲ, 150 ತಲಪಿದ ಅತಿಭಾರಿ ಮಳೆ ಎಷ್ಟು ಸಲ, 5ರಿಂದ 100ರ ನಡುವಿನ ಸಾಧಾರಣ ಮಳೆ ಎಷ್ಟು ಸಲ ಎಂದು ಎಣಿಸಿದರು. ಭಾರಿ ಮಳೆಗಳ ಸಂಖ್ಯೆಯೂ ಪ್ರಮಾಣವೂ ಏರಿದ್ದವು, ಸಾಧಾರಣ ಮಳೆಗಳು ಇಳಿದಿದ್ದವು. ಏರಿಕೆ ಇಳಿಕೆಗಳು ಒಂದನ್ನೊಂದು ಸರಿದೂಗಿಸಿದ್ದರಿಂದ ಋತುವಿನ ಒಟ್ಟು ಮಳೆಯ ಸರಾಸರಿಯಲ್ಲಿ ಗಣನೀಯ ಬದಲಾವಣೆ ಕಂಡಿರಲಿಲ್ಲ. ಸರಾಸರಿಯನ್ನೇ ನೋಡುತ್ತ ಕುಳಿತವರಿಗೆ ಏನೂ ಆಗಿಲ್ಲವೆಂದೇ ತೋರುತ್ತಿದ್ದ ಅರ್ಧ ಶತಮಾನದೊಳಗೆ ಮಳೆ ತನ್ನ ನಡೆಯನ್ನೇ ಬದಲಿಸಿಕೊಂಡಿತ್ತು ಎಂಬ ಈ ಶೋಧದ ಮಹತ್ವವನ್ನು, ರಾಗಿ ಬೆಳೆಯುವವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇದರ ಹಿಂದಿನ ಭೌತಿಕ ಕಾರಣ ಹೊಸದೇನಲ್ಲ. ಗಾಳಿಯ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ನೀರಾವಿಯ ಪ್ರಮಾಣ ಸುಮಾರು ಶೇ 7ರಷ್ಟು ಹೆಚ್ಚುತ್ತದೆ. ಆದ್ದರಿಂದ ಮೋಡ ಕಟ್ಟಿ ಸುರಿಯುವ ಸಂದರ್ಭ ಒದಗಿದಾಗ ಸುರಿಯುವ ನೀರೂ ಹೆಚ್ಚಿರಬಲ್ಲದು. ಆದರೂ ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ ಪಿ.ಪಿ. ಮಜುಂದಾರ್ ಅವರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡಿದ ಸುಬಿಮಲ್ ಘೋಷ್ ಮತ್ತು ಸಂಗಡಿಗರು 2012ರಲ್ಲಿ, ದೇಶದಾದ್ಯಂತ ವಿಪರೀತ ಮಳೆ ಒಂದೇ ದಿಕ್ಕಿನಲ್ಲಿ ಏರುತ್ತಿಲ್ಲ, ಬದಲಿಗೆ ಜಾಗದಿಂದ ಜಾಗಕ್ಕೆ ಅದರ ವ್ಯತ್ಯಾಸ ಹೆಚ್ಚುತ್ತಿದೆ ಎಂದು ವಾದಿಸಿದರು. 2017ರಲ್ಲಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 1950ರಿಂದ 2015ರ ಅವಧಿಯಲ್ಲಿ ಮಧ್ಯ ಭಾರತದ ವ್ಯಾಪಕ ವಿಪರೀತ ಮಳೆಗಳು ಮೂರು ಪಟ್ಟಾಗಿವೆ ಎಂದು ತೋರಿಸಿದರು. 2006ರ ಅಧ್ಯಯನದ ಗಡಿಯೊಳಗೆ ವಿಜಯಪುರ, ಕಲಬುರಗಿ, ಬೀದರ್ ಸೀಮೆ ಬರುತ್ತದೆ, ಪಶ್ಚಿಮ ಘಟ್ಟವಾಗಲಿ ಬೆಂಗಳೂರಾಗಲಿ ಬರುವುದಿಲ್ಲ. ಮಳೆಯ ಸ್ವಭಾವ ಹೆಚ್ಚುಕಡಿಮೆ ಒಂದೇ ತೆರನಾಗಿರುವ ವಿಶಾಲ ಬಯಲನ್ನು ಸಂಶೋಧಕರು ಬೇಕೆಂದೇ ಆರಿಸಿಕೊಂಡಿದ್ದರು. ಆ ಪ್ರಬಂಧದ ತೀರ್ಮಾನವನ್ನು ಅದು ಬರೆಯಲ್ಪಟ್ಟ ಊರಿಗೇ ನೇರವಾಗಿ ಅನ್ವಯಿಸಲಾಗದು ಎಂಬುದನ್ನು ಅದನ್ನು ಉಲ್ಲೇಖಿಸುವವರು ಹಲವು ಸಲ ಮರೆಯುತ್ತಾರೆ.

ದೀರ್ಘಕಾಲದ ಪ್ರವೃತ್ತಿಯನ್ನು ಎಣಿಸುವುದು ಒಂದು, ಇಂಥದೇ ಒಂದು ಘಟನೆಯಲ್ಲಿ ಮನುಷ್ಯಕೃತ ತಾಪಮಾನ ಏರಿಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಇನ್ನೊಂದು. ಎರಡನೆಯದಕ್ಕೆ ಘಟನಾ ಕಾರಣ ವಿಶ್ಲೇಷಣೆ ಎನ್ನಬಹುದು. ಇಂದಿನ ಹವಾಗುಣದಲ್ಲಿ ಅಂಥ ಘಟನೆ ಎಷ್ಟು ವರ್ಷಕ್ಕೊಮ್ಮೆ ಬರಬಹುದು ಎಂದು ಒಮ್ಮೆ, ಹಸಿರುಮನೆ ಅನಿಲಗಳು ಏರದಿದ್ದ ಕಲ್ಪಿತ ಲೋಕದಲ್ಲಿ ಎಷ್ಟು ವರ್ಷಕ್ಕೊಮ್ಮೆ ಬರುತ್ತಿತ್ತು ಎಂದು ಇನ್ನೊಮ್ಮೆ ಲೆಕ್ಕ ಹಾಕಿ, ಎರಡನ್ನೂ ಹೋಲಿಸುವುದು ಇದರ ವಿಧಾನ. 2003ರ ಯುರೋಪಿನ ಬಿಸಿಗಾಳಿಯ ಬಗ್ಗೆ 2004ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ ಈ ಮಾರ್ಗಕ್ಕೆ ನಾಂದಿ ಹಾಡಿತು. ದಕ್ಷಿಣ ಭಾರತದ ಮಟ್ಟಿಗೆ ಇದರ ಫಲಿತಾಂಶಗಳು ಏಕರೂಪವಾಗಿಲ್ಲ: 2015ರ ಡಿಸೆಂಬರಿನ ಚೆನ್ನೈ ಮಳೆಯಲ್ಲಿ ತಾಪಮಾನ ಏರಿಕೆಯ ಗುರುತನ್ನು ಖಚಿತವಾಗಿ ಕಾಣಲಾಗಲಿಲ್ಲ, 2024ರ ಜುಲೈ 30ರ ವಯನಾಡು ಭೂಕುಸಿತಕ್ಕೆ ಕಾರಣವಾದ ಮಳೆ ಸುಮಾರು ಶೇ 10ರಷ್ಟು ಹೆಚ್ಚು ತೀವ್ರವಾಗಿತ್ತು ಎಂಬ ಅಂದಾಜು ಬಂತು. ಬಿಸಿಲಿನ ವಿಷಯದಲ್ಲಿ ಉತ್ತರ ಹೆಚ್ಚು ಗಟ್ಟಿಯಾಗಿ ಸಿಗುತ್ತದೆ, ಮಳೆಯ ವಿಷಯದಲ್ಲಿ ತಡವರಿಸುತ್ತದೆ. ಉಷ್ಣತೆ ನೂರಾರು ಕಿಲೋಮೀಟರು ಹರಡಿಕೊಂಡ ಗುಣ. ಬೆಂಗಳೂರಿನ ಗುಡುಗುಮಳೆಯೋ ಆರ್.ಟಿ. ನಗರದಲ್ಲಿ ಸುರಿದು ಯಶವಂತಪುರವನ್ನು ಒಣಗಿಸಿಯೇ ಬಿಡಬಲ್ಲದು.

ಒಂದು ಡಿಗ್ರಿಯ ಮನೆಯೊಳಗೆ ಸೆರೆಯಾಗದ ಇಂಥ ಮಳೆಯನ್ನು ಹಿಡಿಯುವ ಬಲೆ ಸಿದ್ಧವಾದದ್ದು ಬೇರೆಯೇ ದಾರಿಯಲ್ಲಿ. 1980ರ ದಶಕದಲ್ಲಿ ಮೇಲಿಂದ ಮೇಲೆ ಬಂದ ಬರಗಳ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರ 1988ರಲ್ಲಿ ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಿತು. ದೇಶದಲ್ಲಿ ಅದೇ ಮೊದಲನೆಯದು. ಯಾವ ತಾಲ್ಲೂಕಿಗೆ ಎಷ್ಟು ಮಳೆ ಕೊರತೆ, ಎಲ್ಲಿ ಬಿತ್ತನೆ ನಿಂತಿದೆ, ಯಾವ ಜಲಾಶಯದಲ್ಲಿ ಎಷ್ಟು ನೀರಿದೆ ಎಂದು ಹೇಳಿ, ಬರ ಘೋಷಣೆಯನ್ನು ಊಹೆಯ ಮೇಲಲ್ಲದೆ ಅಂಕಿಯ ಮೇಲೆ ನಿಲ್ಲಿಸುವುದು ಅದರ ಕೆಲಸವಾಗಿತ್ತು. 2007ರಲ್ಲಿ ಅದರ ಹೆಸರು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಂದು ಬದಲಾದಾಗ ನೆರೆ, ಸಿಡಿಲು, ಭೂಕಂಪಗಳೂ ಅದರ ವ್ಯಾಪ್ತಿಗೆ ಸೇರಿದವು. ಅದೇ ವರ್ಷದ ಮುಂಗಾರಿನಲ್ಲಿ ಹವಾಮಾನ ಆಧಾರಿತ ಬೆಳೆ ವಿಮೆ ಕರ್ನಾಟಕದಲ್ಲಿ ಪ್ರಯೋಗಕ್ಕೆ ಬಂತು. ಈ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಬೆಳೆ ನಷ್ಟದ ಪರಿಶೀಲನೆಯಿಂದಲ್ಲ, ಮಾಪಕ ತೋರಿಸಿದ ಮಳೆಯಿಂದ. ಹೀಗಾಗಿ ತಾಲ್ಲೂಕು ಕಚೇರಿಯ ಅಂಗಳದ ಒಂದು ಮಾಪಕ ಇಪ್ಪತ್ತು ಮೈಲಿ ಆಚೆಯ ಹೊಲದ ಪರವಾಗಿ ಸಾಕ್ಷಿ ಹೇಳುವುದು ಯಾರಿಗೂ ಒಪ್ಪಿತವಾಗದೆ, ಹೋಬಳಿ ಮಟ್ಟಕ್ಕೂ ಅಲ್ಲಿಂದ ಗ್ರಾಮ ಪಂಚಾಯಿತಿ ಮಟ್ಟಕ್ಕೂ ಮಾಪಕಗಳು ಇಳಿದವು. ರಾಜ್ಯದಲ್ಲಿ ಈಗ ಅವುಗಳ ಸಂಖ್ಯೆ ಆರು ಸಾವಿರ ದಾಟಿದೆ.

ಈ ಮಾಪಕಗಳಿಗೆ ಗುಮಾಸ್ತ ಬೇಕಿಲ್ಲ. ಆಲಿಕೆಯಿಂದ ಇಳಿದ ನೀರು ತಕ್ಕಡಿಯಂತೆ ಕೂತ ಎರಡು ಪುಟ್ಟ ಬಟ್ಟಲುಗಳ ಪೈಕಿ ಒಂದಕ್ಕೆ ಬೀಳುತ್ತದೆ. ಗೊತ್ತಾದ ಪ್ರಮಾಣ ತುಂಬಿದೊಡನೆ ಅದು ವಾಲಿ ನೀರು ಚೆಲ್ಲಿ, ಇನ್ನೊಂದು ಬಟ್ಟಲು ಮೇಲೆ ಬರುತ್ತದೆ, ವಾಲಿದ ಪ್ರತಿ ಸಲವೂ ಒಂದು ಎಣಿಕೆ. ಸೌರಫಲಕದ ವಿದ್ಯುತ್ತಿನಿಂದ ನಡೆಯುವ ಯಂತ್ರ ಹದಿನೈದು ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಆ ಎಣಿಕೆಯನ್ನು ಯಲಹಂಕಕ್ಕೆ ಕಳಿಸುತ್ತದೆ. ಇದರ ಲಾಭ ವೇಗದ್ದಷ್ಟೇ ಅಲ್ಲ. ಬೆಳಗ್ಗೆ 8.30ಕ್ಕೆ ಒಮ್ಮೆ ಅಳೆಯುವ ಪದ್ಧತಿಯಲ್ಲಿ, ಆರು ಗಂಟೆಗೆ ಹಿಡಿದು ಹನ್ನೊಂದಕ್ಕೆ ಬಿಟ್ಟ ಮಳೆ ಎರಡು ದಿನಾಂಕಗಳಿಗೆ ಹಂಚಿಹೋಗಿ ಎರಡೂ ದಿನ ಸಾಧಾರಣ ಮಳೆಯೆಂದೇ ದಾಖಲಾಗಬಹುದು. ದಿನವಿಡೀ ಜಿನುಗಿದ 100 ಮಿ.ಮೀ.ಗೂ ಒಂದೂವರೆ ಗಂಟೆಯಲ್ಲಿ ಬಡಿದ 100 ಮಿ.ಮೀ.ಗೂ ಆ ಪುಸ್ತಕದಲ್ಲಿ ವ್ಯತ್ಯಾಸವೇ ಕಾಣದು. ನಗರದ ನೆರೆಗೆ ಮುಖ್ಯವಾದದ್ದು ಈ ಎರಡನೆಯ ಬಗೆಯ ಮಳೆಯೇ. ವಿಜ್ಞಾನ ಸಂಸ್ಥೆಯ ಮಜುಂದಾರ್ ಮತ್ತು ಸಂಗಡಿಗರು ಇದೇ ಕೇಂದ್ರದೊಡನೆ ಸೇರಿ ಬೆಂಗಳೂರಿನ ರಾಜಕಾಲುವೆಗಳ ನೆರೆ ಮುನ್ಸೂಚನೆಗೆ ರೂಪಿಸಿದ ಮಾದರಿ, ಅದರ ಮಾಹಿತಿ ಕೊಡುವ ‘ಮೇಘ ಸಂದೇಶ’ ಆ್ಯಪ್, ಇವೆರಡೂ ನಿಂತಿರುವುದು ಹದಿನೈದು ನಿಮಿಷದ ಈ ಓದುಗಳ ಮೇಲೆ. ಬರದ ವಿಮೆಗೆಂದು ಹರಡಿದ ಬಲೆಯಲ್ಲಿ ಬಂದು ಬಿದ್ದದ್ದು ನೆರೆ.

2021ರ ನವೆಂಬರಿನಲ್ಲಿ ಅಕಾಲಿಕ ಮಳೆ ದಕ್ಷಿಣ ಒಳನಾಡಿನಲ್ಲಿ ಕೊಯ್ಲಿಗೆ ನಿಂತ ರಾಗಿಯನ್ನು ಹಾಳುಗೆಡವಿದ ಹೊತ್ತಿನಲ್ಲಿಯೇ ಯಲಹಂಕ ಕೆರೆ ಕೋಡಿ ಹರಿದು, ಹತ್ತಿರದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯಕ್ಕೆ ನೀರು ನುಗ್ಗಿ, ನಿವಾಸಿಗಳನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು; 2024ರ ಅಕ್ಟೋಬರಿನಲ್ಲಿ ಅದೇ ಜಾಗದಲ್ಲಿ ಅದೇ ದೃಶ್ಯ ಮರುಕಳಿಸಿತು. ಈ ಎರಡರ ನಡುವೆ 2022ರಲ್ಲಿ ನಗರದ ವಾರ್ಷಿಕ ಮಳೆ 2017ರ 1,696 ಮಿ.ಮೀ. ದಾಖಲೆಯನ್ನು ಅಕ್ಟೋಬರ್ ಮುಗಿಯುವ ಮೊದಲೇ ಮೀರಿತು, 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಅತಿವೃಷ್ಟಿಯ ಬೆನ್ನಿಗೇ ಅನಾವೃಷ್ಟಿ ಬಂದ ಈ ನಾಲ್ಕು ವರ್ಷಗಳನ್ನು ಹವಾಗುಣ ಬದಲಾವಣೆಯ ಲೆಕ್ಕಕ್ಕೆ ಸಾರಾಸಗಟಾಗಿ ಬರೆದುಬಿಡುವುದು ಸುಲಭ, ಸ್ಥಳೀಯ ಆಡಳಿತಕ್ಕೆ ಅನುಕೂಲವೂ ಹೌದು. ಆದರೆ ಮಳೆ ಬೇರೆ, ನೆರೆ ಬೇರೆ. ಯಲಹಂಕ, ಜಕ್ಕೂರು, ರಾಚೇನಹಳ್ಳಿ ಕೆರೆಗಳು ಒಂದರ ಕೋಡಿ ಇನ್ನೊಂದನ್ನು ತುಂಬುವಂತೆ ಇಳಿಜಾರಿನಲ್ಲಿ ಕಟ್ಟಿದ ಸರಪಳಿ; ನಡುವಿನ ಹಳ್ಳ ಕಾಲುವೆಗಳು ಕಿರಿದಾಗಿ, ನೀರು ಇಂಗುವ ಹೊಲಗಳು ಬಡಾವಣೆಗಳಾದ ಮೇಲೆ, ಹಿಂದೆ ಬಿದ್ದಷ್ಟೇ ಮಳೆ ಬಿದ್ದರೂ ನೀರು ಹೆಚ್ಚು ಬೇಗ, ಹೆಚ್ಚು ಎತ್ತರಕ್ಕೆ ಬರುತ್ತದೆ. ಮಳೆಯ ಪಾಲೆಷ್ಟು, ಕಾಲುವೆಯ ಪಾಲೆಷ್ಟು ಎಂದು ಬಿಡಿಸದೆ ತಾಪಮಾನದ ಪಾಲನ್ನು ಹೇಳಲು ಬಾರದು.

ಬಿಡಿಸುವುದಕ್ಕೆ ಬೇಕಾದದ್ದು ಮತ್ತದೇ ದೀರ್ಘ ದಾಖಲೆ. ವಿಕೋಪ ಉಸ್ತುವಾರಿ ಕೇಂದ್ರ 2020ರಲ್ಲಿ ಪ್ರಕಟಿಸಿದ ರಾಜ್ಯದ ಹವಾಗುಣ ಬದಲಾವಣೆಯ ಅಧ್ಯಯನ, 1960–1990 ಮತ್ತು 1991–2017 ಎಂಬ ಎರಡು ಅವಧಿಗಳನ್ನು ತಾಲ್ಲೂಕುವಾರು ಹೋಲಿಸಿತು. ಅದರ ಮೊದಲ ಅವಧಿಗೆ ಕೈಯಿಂದ ಅಳೆದು ಬರೆದ ಓದುಗಳಲ್ಲದೆ ಬೇರೆ ಆಧಾರವಿರಲಿಲ್ಲ. ಒಂದು ಜಾಗದ ಹವಾಗುಣವನ್ನು ನಿರ್ಧರಿಸಲು ಕನಿಷ್ಠ 30 ವರ್ಷಗಳ ಸರಾಸರಿ ಬೇಕೆಂಬುದು ಜಾಗತಿಕ ಹವಾಮಾನ ಸಂಸ್ಥೆಯ ಅಳತೆಗೋಲು. ಗ್ರಾಮ ಪಂಚಾಯಿತಿಗಳ ಸ್ವಯಂಚಾಲಿತ ಮಾಪಕಗಳು ಬಹುಪಾಲು 2010ರ ನಂತರದವು. ಯಲಹಂಕಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಬಂದು ಬೀಳುತ್ತಿರುವ ಆ ಎಣಿಕೆಗಳು ಈ ಅಳತೆಗೋಲನ್ನು ಮುಟ್ಟುವುದು 2040ರ ಸುಮಾರಿಗೆ, ಅದೂ ಬ್ಯಾಟರಿ ಬದಲಿಸಿ, ಆಲಿಕೆಯ ಕಸ ತೆಗೆದು, ಮಾಪಕದ ಮುಂದೆ ಗೋಡೆ ಏಳದಂತೆ ನೋಡಿಕೊಂಡರೆ.